ಗುಂಡುಸೂಜಿ ಕಚ್ಚಿಕೊಂಡವರ ವ್ಯಾಕರಣ

ಬ್ಯಾಂಕಿನ ಹೆಂಗಸು ಒಂದೇ ತೋಳಿನ ಕೋಟನ್ನು ತೊಟ್ಟುಕೊಂಡೇ ಅಂಗಡಿಯ ಮೆಟ್ಟಿಲಿಳಿದು ಹೋದಳು. ಇನ್ನೊಂದು ತೋಳು ದೊಡ್ಡಮ್ಮನ ಕೈಯಲ್ಲೇ ಉಳಿಯಿತು. ಬೆನ್ನಿಗೆ ಚುಚ್ಚಿದ್ದ ಹನ್ನೊಂದು ಗುಂಡುಸೂಜಿಗಳೂ ಅವಳ ಜೊತೆಗೇ ರಸ್ತೆ ದಾಟಿದವು.

"ಏನ್ ಬಂತೇ ಇವಳಿಗೆ?" ದೊಡ್ಡಮ್ಮ ಬಾಯಲ್ಲಿದ್ದ ಸೂಜಿಗಳನ್ನು ತೆಗೆದು ಕೇಳಿದಳು. "ಹೋದ ವಾರ ಆ ಹಲ್ಲಿನ ಡಾಕ್ಟ್ರೂ ಹಿಂಗೇ ಎದ್ದು ಹೋದ್ಲು."

"ಸೂಜಿ ಚುಚ್ಚಿರ್ಬೇಕು ಬಿಡು ಅಕ್ಕ," ಎಂದಳು ಅಮ್ಮ.

"ನಾನು? ಮೂವತ್ತೊಂದು ವರ್ಷದಲ್ಲಿ ನಾನು ಯಾರಿಗೆ ಚುಚ್ಚಿದೀನಿ, ಒಬ್ಬರ ಹೆಸರು ಹೇಳು ನೋಡೋಣ."

ಕೆಲಸಕ್ಕೆ ಹೊರಟು ಮಾಳಿಗೆಯಿಂದ ಇಳಿಯುತ್ತಿದ್ದ ಮಗಳು ಚಿಂದಿ ಕೊನೆಯ ಮೆಟ್ಟಿಲಲ್ಲೇ ನಿಂತಳು. ಬ್ಯಾಂಕಿನವಳಿಗೆ ಚುಚ್ಚಿದ್ದು ಸೂಜಿಯಲ್ಲ ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅಳತೆಯ ಸ್ಟೂಲಿನ ಮೇಲೆ ನಿಂತಿದ್ದ ಆ ಹೆಂಗಸಿನ ಬೆನ್ನ ಹಿಂದೆ ದೊಡ್ಡಮ್ಮ ಅಮ್ಮನಿಗೆ, "ಸೊಂಟ ಎಲ್ಲಿದೆ ಅಂತ ಹುಡುಕ್ತಾ ಇದೀನಿ, ಸಿಕ್ಕಿದ್ರೆ ಹೇಳ್ತೀನಿ," ಎಂದಿದ್ದಳು. ಹೇಳಿದ್ದು ಮಾಮೂಲಿ ಮಾತಿನಲ್ಲಲ್ಲ, ಸೂಜಿಮಾತಿನಲ್ಲಿ. ಮೂವತ್ತೊಂದು ವರ್ಷ ಆ ಮಾತು ಈ ಮನೆಯವರಿಗೆ ಬಿಟ್ಟರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಈಗ ನಾಲ್ಕು ತಿಂಗಳಿಂದ ಊರಿನಲ್ಲಿ ಸಾವಿರಾರು ಜನಕ್ಕೆ ಅರ್ಥವಾಗುತ್ತಿತ್ತು. ಅದಕ್ಕೆ ಕಾರಣ ಚಿಂದಿ.

ಸೂಜಿಮಾತು ಹುಟ್ಟಿದ್ದು ಕೆಲಸದಿಂದ. ಟ್ರಯಲ್ ಬಟ್ಟೆ ತೊಡಿಸಿ ಸರಿಪಡಿಸುವಾಗ ಎರಡು ಕೈಯೂ ಬಟ್ಟೆಯ ಮೇಲಿರಬೇಕು. ಹಾಗಾಗಿ ಗುಂಡುಸೂಜಿಗಳು ತುಟಿಗಳ ನಡುವೆ ಇರುತ್ತವೆ. ಒಮ್ಮೆಗೆ ಏಳೆಂಟು. ತುಟಿ ತೆರೆದರೆ ಸೂಜಿ ಬೀಳುತ್ತದೆ, ಗಿರಾಕಿಯ ಕಾಲಿಗೆ ನಾಟುತ್ತದೆ. ಆದ್ದರಿಂದ ಈ ಮಾತಿನಲ್ಲಿ ಪ ಇಲ್ಲ, ಬ ಇಲ್ಲ. ತುಟಿ ಗುಂಡಗೆ ಮಾಡಬೇಕಾದ ಉ, ಒ ಇಲ್ಲ. ಉಳಿದದ್ದು ಗಂಟಲು ಮತ್ತು ಮೂಗು. ಕ, ಗ, ಹ, ಣ, ಎಲ್ಲಕ್ಕಿಂತ ಹೆಚ್ಚಾಗಿ ಙ. ವರ್ಣಮಾಲೆಯಲ್ಲಿ ಸೀಟು ಹಿಡಿದು ಕೂತು ಜನ್ಮದಲ್ಲಿ ಒಂದು ದಿನ ದುಡಿಯದ ಆ ಙಕಾರವನ್ನು ಎಳೆದು ತಂದು ಹಗಲಿಡೀ ದುಡಿಸಿಕೊಂಡವರು ಪ್ರಪಂಚದಲ್ಲಿ ಈ ಇಬ್ಬರೇ ಇರಬೇಕು.

ವ್ಯಾಕರಣವೂ ಹಾಗೇ ಬೆಳೆಯಿತು. ಕ್ರಿಯಾಪದ ಮೊದಲು, ಏಕೆಂದರೆ ಗಿರಾಕಿ ಅಲುಗುವುದರೊಳಗೆ ಮಾತು ಮುಟ್ಟಬೇಕು. "ನಾನು" ಎಂಬ ಪದವೇ ಇಲ್ಲ, ಏಕೆಂದರೆ ಅಳತೆಯ ಹೊತ್ತಿನಲ್ಲಿ ದರ್ಜಿಯ ಸ್ವಂತ ಸುದ್ದಿ ಯಾರಿಗೂ ಬೇಡ. ಶಾಲೆಯಲ್ಲಿ ಕಲಿಸುವ ಪುರುಷಗಳು ಮೂರು: ಉತ್ತಮ, ಮಧ್ಯಮ, ಪ್ರಥಮ. ಇಲ್ಲಿ ನಾಲ್ಕನೆಯದೊಂದಿತ್ತು. ಕಣ್ಣೆದುರಿಗೇ ನಿಂತಿದ್ದರೂ ಅಲ್ಲಿಲ್ಲವೆಂದು ಭಾವಿಸಿ ಯಾರ ಬಗ್ಗೆ ಮಾತಾಡುತ್ತೇವೋ ಅವರಿಗೆ "ಙೆ". ಅಂದರೆ ಸ್ಟೂಲಿನ ಮೇಲಿನ ಗಿರಾಕಿ.

ಚಿಂದಿ ಇದನ್ನು ಕಲಿತದ್ದು ಕತ್ತರಿ ಮೇಜಿನ ಕೆಳಗೆ. ಚಿಕ್ಕವಳಿದ್ದಾಗ ಅಲ್ಲಿ ಬೀಳುತ್ತಿದ್ದ ಬಟ್ಟೆತುಂಡುಗಳ ರಾಶಿಯಲ್ಲೇ ಮಲಗುತ್ತಿದ್ದಳು. ಹೆಸರು ಬಂದದ್ದೂ ಹಾಗೆ. ಅವಳಿಗೆ ಅರ್ಥವಾಗುತ್ತದೆಂದು ತಿಳಿದ ದಿನ ದೊಡ್ಡಮ್ಮ ಕಿವಿ ಹಿಂಡಿ, "ಇದು ಈ ನಾಲ್ಕು ಗೋಡೆ ದಾಟಿದ್ರೆ ನಿನ್ನ ನಾಲಿಗೆಗೆ ಕಾಜಾ ಹೊಲೀತೀನಿ," ಎಂದಿದ್ದಳು.

ದಾಟಿತು. ಚಿಂದಿ ಕೆಲಸ ಮಾಡುತ್ತಿದ್ದದ್ದು ಕಾರ್ಟೂನ್ ಧಾರಾವಾಹಿ ಮಾಡುವ ಸ್ಟುಡಿಯೋ ಒಂದರಲ್ಲಿ, ಪರದೆಯ ಕೆಳಗಿನ ಅಕ್ಷರ ಹಾಕುವ ಕೆಲಸ. ಹೊಸ ಧಾರಾವಾಹಿ "ಕೆಸರುಕೋಟೆ"ಗೆ ಒಂದು ಹೊಸ ಭಾಷೆ ಬೇಕಾಗಿತ್ತು. ಕೆಸರುಕೋಟೆಯ ಹೆಂಗಸರು ಮೊಟ್ಟೆ ಮರಿಯಾಗುವ ತನಕ ಅದನ್ನು ಬಾಯಲ್ಲಿಟ್ಟುಕೊಂಡೇ ಯುದ್ಧ ಮಾಡುವವರು. ಮೊದಲು ಕರೆಸಿದ್ದ ಪ್ರೊಫೆಸರ್ ಮಾಡಿಕೊಟ್ಟ ಭಾಷೆಯನ್ನು ಮಾತಾಡಲು ಹೋಗಿ ರಾಣಿಯ ಪಾತ್ರಕ್ಕೆ ದನಿ ಕೊಡುವವಳು ನಾಲಿಗೆ ಕಚ್ಚಿಕೊಂಡು ಎರಡು ದಿನ ಗಂಜಿ ಕುಡಿದಳು. ನಿರ್ದೇಶಕ ತಲೆ ಹಿಡಿದು ಕೂತಿದ್ದಾಗ ಚಿಂದಿ, "ಸಾರ್, ನಾನೊಂದು ಟ್ರೈ ಮಾಡ್ಲಾ?" ಎಂದಳು. ವಾರದೊಳಗೆ ತೊಂಬತ್ತು ಪುಟದ ವ್ಯಾಕರಣ ತಂದಿಟ್ಟಳು. ಒಂದು ಪದವನ್ನೂ ಬದಲಿಸಿರಲಿಲ್ಲ. ಸೋಮಾರಿತನ, ಅಷ್ಟೆ. ಇದಕ್ಕಿಂತ ಗಂಭೀರವಾದ ಕಾರಣವೇನೂ ಇರಲಿಲ್ಲ. ಪೀಪಾಯಿಗೆ ಅಕ್ಕತಂಗಿಯರು "ಗಿಙ್ಕ" ಎನ್ನುತ್ತಿದ್ದರು, ಕೆಸರುಕೋಟೆಯ ಹೆಂಗಸರೂ "ಗಿಙ್ಕ" ಎಂದರು. ನಾಲ್ಕನೇ ಪುರುಷವನ್ನು ನೋಡಿ ನಿರ್ದೇಶಕ ಕುರ್ಚಿಯಿಂದ ಎದ್ದುಬಿಟ್ಟ. "ಎದುರಿಗಿದ್ರೂ ಇಲ್ಲದವರು! ಇದನ್ನ ಸೆರೆಯಾಳುಗಳಿಗೆ ಇಟ್ಕೊಳ್ಳೋಣ. ಎಲ್ಲಿಂದ ಹೊಳೀತು ನಿಂಗೆ?"

"ಹಂಗೇ, ಯೋಚ್ನೆ ಮಾಡ್ತಾ ಮಾಡ್ತಾ," ಎಂದಳು ಚಿಂದಿ.

ಆಫೀಸಿನಲ್ಲಿ ಅಂದಿನಿಂದ ಅವಳು ಪಂಡಿತೆ. ಧಾರಾವಾಹಿ ಮನೆಮನೆಗೂ ನುಗ್ಗಿತು. ವ್ಯಾಕರಣದ ಪುಸ್ತಕ ಮೂರು ಸಲ ಅಚ್ಚಾಯಿತು. ಅಭಿಮಾನಿಗಳು ಕಾಲರಿಗೆ ಪುಟ್ಟ ಮೊಟ್ಟೆಯ ಬ್ಯಾಡ್ಜ್ ಸಿಕ್ಕಿಸಿಕೊಂಡು ಬಸ್ಸಿನಲ್ಲಿ, ಲಿಫ್ಟಿನಲ್ಲಿ ಮೂಗಿನಿಂದ ಮಾತಾಡತೊಡಗಿದರು. ದೊಡ್ಡಮ್ಮ, ಅಮ್ಮ ಟಿವಿ ನೋಡುವವರಲ್ಲ. ಹಗಲೆಲ್ಲ ಜನರನ್ನು ನೋಡಿ ಸಾಕಾಗಿರುತ್ತಿತ್ತು.

ಬ್ಯಾಂಕಿನವಳು ಹೋದ ಮೇಲೆ ಚಿಂದಿ ಒಂದು ಮಾತು ಹೇಳಿ ನೋಡಿದಳು. "ದೊಡ್ಡಮ್ಮ, ಟ್ರಯಲ್ ಹೊತ್ತಲ್ಲಿ ಸ್ವಲ್ಪ ಬಾಯ್ಮುಚ್ಕೊಂಡಿದ್ರೆ ಆಗಲ್ವಾ?"

"ಬಾಯ್ಮುಚ್ಕೊಂಡೇ ಅಲ್ವೇನೇ ನಾವು ಮಾತಾಡೋದು?"

ನಿಜ ಹೇಳಲು ಚಿಂದಿಗೆ ಧೈರ್ಯವಿರಲಿಲ್ಲ. ಆದರೆ ನಾಳೆ ಹನ್ನೊಂದಕ್ಕೆ ಹೆಡ್ ಮೇಡಂ ಬರುವವರಿದ್ದರು.

ಹೆಡ್ ಮೇಡಂ ಎಂದರೆ ಮುಂದಿನ ತಿರುವಿನಲ್ಲಿರುವ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಮುನ್ನೂರು ಮಕ್ಕಳ ಯೂನಿಫಾರಂ. ಎದುರು ಬೀದಿಯ ರೆಡಿಮೇಡ್ ಕಾರ್ಖಾನೆಯವನು ಆಗಲೇ ಹೋಟೆಲ್ಲಿನವರನ್ನೂ ಆಸ್ಪತ್ರೆಯವರನ್ನೂ ನುಂಗಿದ್ದ. ಶಾಲೆಯೂ ಅವನ ಪಾಲಾದರೆ ಅಂಗಡಿ ಮುಚ್ಚುವುದೇ ಸೈ. ಆಮೇಲೆ ಅಕ್ಕತಂಗಿಯರು ಅದೇ ಕಾರ್ಖಾನೆಯ ಸಾಲಿನಲ್ಲಿ ಕೂತು, ಒಬ್ಬಳು ಬರೀ ಕಾಲರ್, ಇನ್ನೊಬ್ಬಳು ಬರೀ ಜೇಬು ಹೊಲಿಯಬೇಕು. ಇವರ ಕೈ ಹೇಗಿದೆಯೆಂದು ನೋಡಲು ಹೆಡ್ ಮೇಡಂ ಮೊದಲು ತಮಗೊಂದು ಕೋಟು ಹೊಲಿಯಲು ಕೊಟ್ಟಿದ್ದರು. ನಾಳೆ ಅದರ ಟ್ರಯಲ್.

ಮರುದಿನ ಚಿಂದಿ ರಜೆ ಹಾಕಿ ಅಂಗಡಿಯಲ್ಲೇ ಕೂತಳು. ಹನ್ನೊಂದಕ್ಕೆ ಸರಿಯಾಗಿ ಹೆಡ್ ಮೇಡಂ ಒಳಗೆ ಬಂದರು. ಎತ್ತರದ, ಅಗಲದ, ನೆಟ್ಟಗಿನ ಹೆಂಗಸು. ಕಾಲರಿನ ಎಡಕ್ಕೆ ಒಂದು ಪುಟ್ಟ ಬಿಳಿ ಮೊಟ್ಟೆ.

ಚಿಂದಿ ಕುರ್ಚಿಯ ತುದಿಗೆ ಸರಿದು ಕೂತಳು.

ಮೇಡಂ ಸ್ಟೂಲ್ ಹತ್ತಿದರು. ಕಚ್ಚಾ ಹೊಲಿಗೆಯ ಕೋಟು ಹೆಗಲೇರಿತು. ದೊಡ್ಡಮ್ಮ ಎಂಟು ಸೂಜಿ ತುಟಿಗಿಟ್ಟು ಹಿಂದೆ ನಿಂತಳು, ಅಮ್ಮ ಟೇಪು ಹಿಡಿದು ಮುಂದೆ. ದೊಡ್ಡಮ್ಮನ ಗಂಟಲು ಸಿದ್ಧವಾಗುವ ಸದ್ದು ಕೇಳಿದ್ದೇ ತಡ, ಚಿಂದಿ ಹಾರಿ ಓವರ್‌ಲಾಕ್ ಮಷೀನಿನ ಪೆಡಲ್ ಒತ್ತಿದಳು. ಮಷೀನು ಬಟ್ಟೆಯಿಲ್ಲದೆ ಗುರ್ರೆಂದು ಅರಚಿ, ನಾಲ್ಕು ಉಂಡೆ ದಾರವನ್ನು ಒಟ್ಟಿಗೆ ನುಂಗಿ, ಕೆಮ್ಮಿ ನಿಂತಿತು.

"ಏನೇ ಅದು!" ಎಂದಳು ಅಮ್ಮ.

"ಎಣ್ಣೆ ಹಾಕ್ಬೇಕಿತ್ತು ಅಂತ..."

"ಎಣ್ಣೆ ಹಾಕೋಕೆ ಓಡಿಸ್ತಾರೇನೇ?"

ಎರಡನೇ ಸಲ ಚಿಂದಿ ದೊಡ್ಡ ಕತ್ತರಿಯನ್ನು ಕೈತಪ್ಪಿಸಿದಳು. ಮೂರನೇ ಸಲ ರೇಡಿಯೋ ಹಾಕಿದಳು. ಯಾರೋ ಗೊಬ್ಬರದ ಬಗ್ಗೆ ಗಟ್ಟಿಯಾಗಿ ವಿವರಿಸುತ್ತಿದ್ದರು. ಹೆಡ್ ಮೇಡಂ ಹುಬ್ಬೇರಿಸಿದರು. ದೊಡ್ಡಮ್ಮ ಮೊಣಕೈಯಿಂದಲೇ ರೇಡಿಯೋ ಆರಿಸಿ, ಕೋಟಿನ ಬೆನ್ನನ್ನು ಹಿಡಿದೆಳೆದು, ಮೂವತ್ತೊಂದು ವರ್ಷದ ನೆಮ್ಮದಿಯಿಂದ ತಂಗಿಗೆ ಹೇಳಿದಳು:

"ಕಿಙ್ಣೆ ಙೆ ಗಿಙ್ಕ."

ಉಸಿರು ಬಿಗಿಹಿಡಿದಿದೆ ಪೀಪಾಯಿ.

ಅಮ್ಮ ಮೂಗಿನಲ್ಲೇ ನಕ್ಕಳು. ಹೆಡ್ ಮೇಡಂ ನಗಲಿಲ್ಲ. ಹಿಡಿದಿದ್ದ ಉಸಿರನ್ನು ನಿಧಾನವಾಗಿ ಬಿಟ್ಟರು. ಕೋಟಿನ ಮುಂದಿನ ಎರಡು ಸೂಜಿ ಪಟ್ಟೆಂದು ಹಾರಿದವು.

"ಯಾರು ಪೀಪಾಯಿ?" ಎಂದು ಕೇಳಿದರು.

ಮೇಡಂ ಕೈಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಗೆರೆ ಎಳೆದು, ಕೆಂಪು ಶಾಯಿಯಲ್ಲಿ ತಲೆಬರಹ ಹಾಕಿದ ನೋಟ್‌ಬುಕ್. "ಕಿಙ್ಣೆ, ಉಸಿರು ಬಿಗಿಹಿಡಿ. ಎರಡನೇ ಕಂತಿನಲ್ಲಿ ಬರುತ್ತೆ. ಙೆ, ನಾಲ್ಕನೇ ಪುರುಷ. ಗಿಙ್ಕ ನನಗೆ ಪುಸ್ತಕ ನೋಡದೇ ಗೊತ್ತು. ಕೆಸರುಕೋಟೆಯ ಭಾಷೆ ನಿಮಗೆ ಹೇಗೆ ಬರುತ್ತೆ? ನನ್ನನ್ನ ಸ್ಟೂಲ್ ಮೇಲೆ ನಿಲ್ಲಿಸ್ಕೊಂಡು ಸೆರೆಯಾಳು ಅನ್ನೋಕೆ ನಿಮಗೆ ಎಷ್ಟು ಧೈರ್ಯ?"

ಅಮ್ಮ ಪಿಳಿಪಿಳಿ ಕಣ್ಣು ಬಿಟ್ಟಳು. ದೊಡ್ಡಮ್ಮ ಮಾತ್ರ ಮೇಡಂ ಕಡೆ ನೋಡಲಿಲ್ಲ. ಚಿಂದಿಯ ಕಡೆ ನೋಡಿದಳು. ಬಂದವರ ಮುಖ ನೋಡಿಯೇ ಸುತ್ತಳತೆ ಹೇಳಬಲ್ಲ ಹೆಂಗಸು ಅವಳು. ಕಳ್ಳತನದ ಉದ್ದ, ಅಗಲ, ಆಳ ಎಲ್ಲವನ್ನೂ ಒಂದೇ ನೋಟದಲ್ಲಿ ಅಳೆದುಬಿಟ್ಟಳು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ಸೂಜಿದಿಂಬಿಗೆ ಚುಚ್ಚಿದಳು. ಎಂಟನೆಯದನ್ನು ಚುಚ್ಚುವ ಹೊತ್ತಿಗೆ ಅವಳ ಮುಖ ಹಾಲಿನ ಹಾಗೆ ಶಾಂತವಾಗಿತ್ತು.

"ಮೇಡಂ, ನೀವು ಓದಿರೋದು ಅರ್ಧ ವ್ಯಾಕರಣ," ಎಂದಳು.

"ಏನಂದ್ರಿ?"

"ಪುಸ್ತಕ ಬರೆದಿದ್ದು ಇಗೋ ಇವಳೇ. ನನ್ನ ತಂಗಿ ಮಗಳು. ಭಾಷೆ ನಮ್ಮದು, ದರ್ಜಿಗಳದ್ದು. ಇವಳು ಮೇಜಿನ ಕೆಳಗೆ ಬಿದ್ಕೊಂಡು ಕಿವಿಯಿಂದ ಕೇಳಿ ಕಲಿತಳು. ಕೆಳಗಿಂದ ಸೂಜಿ ಕಾಣಿಸುತ್ತಾ ಹೇಳಿ? ಅರ್ಧ ಮಾತು ಇರೋದೇ ಸೂಜಿಯಲ್ಲಿ. ಸೂಜಿ ಬಾಯಿಯ ಬಲಗಡೆ ಇದ್ರೆ ಮನುಷ್ಯರ ಸುದ್ದಿ. ಎಡಗಡೆ ಇದ್ರೆ ಬಟ್ಟೆ ಸುದ್ದಿ. ನನ್ನ ಸೂಜಿ ಎಲ್ಲಿತ್ತು ನೀನೇ ಹೇಳೇ."

ಅಮ್ಮ ಅರೆಕ್ಷಣವೂ ತಡೆಯಲಿಲ್ಲ. "ಎಡಗಡೆ ಅಕ್ಕ. ಪೂರ್ತಿ ಎಡಗಡೆ."

"ನೋಡಿ. ನಾನು ಪೀಪಾಯಿ ಅಂದಿದ್ದು ಕೋಟಿಗೆ. ಲೈನಿಂಗ್ ಉಬ್ಬಿದೆ, ಬೆನ್ನಲ್ಲಿ. ಬಿಚ್ಚಿ ಹೊಲೀಬೇಕು."

ಹೆಡ್ ಮೇಡಂ ಸುಲಭಕ್ಕೆ ಬಿಡುವವರಲ್ಲ. "ಉಸಿರು ಬಿಗಿಹಿಡಿದಿದೆ ಅಂದ್ರಲ್ಲ. ಕೋಟು ಉಸಿರಾಡುತ್ತಾ?"

"ಒಳ್ಳೇ ಬಟ್ಟೆ ಉಸಿರಾಡುತ್ತೆ ಮೇಡಂ. ಎದುರು ಕಾರ್ಖಾನೆಯವನ ಬಟ್ಟೆ ಉಸಿರಾಡಲ್ಲ. ಅದು ಸತ್ತಿರುತ್ತೆ."

ಮೇಡಂ ಇದನ್ನು ತೂಗಿ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ನಿಂತೇ, ಪರೀಕ್ಷೆಯಲ್ಲಿ ನಕಲು ಹಿಡಿಯುವ ಕಣ್ಣಿನಿಂದ ಚಿಂದಿಯ ಕಡೆ ತಿರುಗಿದರು. "ನೀವಾ ಕರ್ತೃ? ತೊಂಬತ್ತು ಪುಟದಲ್ಲಿ ಎಡ ಬಲದ ವಿಷಯ ಒಂದು ಸಾಲೂ ಇಲ್ಲ. ಇವರು ಹೇಳಿದ್ದು ನಿಜವಾ?"

ಚಿಂದಿ ಲೆಕ್ಕ ಹಾಕಿದಳು. ಅಲ್ಲವೆಂದರೆ ಮುನ್ನೂರು ಯೂನಿಫಾರಂ ಕೈಬಿಟ್ಟು ಹೋಗುತ್ತದೆ. ಹೌದೆಂದರೆ ಪಂಡಿತೆಯ ಪಟ್ಟ ಹೋಗುತ್ತದೆ, ಅದೂ ಪುಸ್ತಕವನ್ನು ಬಾಯಿಪಾಠ ಮಾಡಿದ ಓದುಗರೊಬ್ಬರ ಎದುರಿಗೆ. ದೊಡ್ಡಮ್ಮನ ಮಾತು ನಿಜವೋ ಸುಳ್ಳೋ ಎಂಬುದೇ ಅವಳಿಗೆ ಗೊತ್ತಿರಲಿಲ್ಲವೆಂಬುದು ಇನ್ನೊಂದು ಅವಮಾನ. ಮೇಜಿನ ಕೆಳಗಿಂದ ಸೂಜಿ ಕಾಣಿಸುತ್ತಿರಲಿಲ್ಲ, ಅದಂತೂ ನಿಜವೇ.

"ಹೌದು ಮೇಡಂ," ಎಂದಳು. "ನನಗೆ ಅಷ್ಟು ಗೊತ್ತಿರ್ಲಿಲ್ಲ."

"ಪ್ರಾಥಮಿಕ ತಪ್ಪು," ಎಂದರು ಮೇಡಂ. "ಮೂಲ ಭಾಷಿಕರು ಮನೆಯಲ್ಲೇ ಇದ್ದಾರೆ, ಒಂದು ಮಾತು ಕೇಳೋಕೆ ಆಗ್ಲಿಲ್ವಾ? ನಮ್ಮ ಏಳನೇ ಕ್ಲಾಸಿನ ಮಕ್ಕಳೂ ಹೀಗೆ ಮಾಡಲ್ಲ."

"ನಾನೂ ಅದನ್ನೇ ಹೇಳೋದು ಮೇಡಂ," ಎಂದಳು ದೊಡ್ಡಮ್ಮ. "ಕೇಳಲ್ಲ. ಯಾರ ಮಾತೂ ಕೇಳಲ್ಲ."

"ಸಣ್ಣವಳಿಂದಲೂ ಹಂಗೇ," ಎಂದು ಸೇರಿಸಿದಳು ಅಮ್ಮ.

ಮೂವರೂ ಸೇರಿ ಕಾಲು ಗಂಟೆ ಚಿಂದಿಯನ್ನು ಬೈದರು. ಬೈಯುತ್ತ ಬೈಯುತ್ತ ಮೇಡಂಗೂ ದೊಡ್ಡಮ್ಮನಿಗೂ ಎಂಥ ಸ್ನೇಹ ಬೆಳೆಯಿತೆಂದರೆ, ಕೋಟು ಬಿಚ್ಚುವ ಹೊತ್ತಿಗೆ ಆರ್ಡರು ಕೈಗೆ ಬಂದಿತ್ತು. ಮೇಡಂ ಎಡ ಬಲದ ನಿಯಮವನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡು, ಅಭಿಮಾನಿ ಸಂಘಕ್ಕೆ ಇವತ್ತೇ ಪತ್ರ ಹಾಕುತ್ತೇನೆಂದು ಹೇಳಿ ಹೊರಟರು.

ಬಾಗಿಲು ಮುಚ್ಚಿತು. ದೊಡ್ಡಮ್ಮ ಕುರ್ಚಿಯಲ್ಲಿ ಧೊಪ್ಪನೆ ಕೂತಳು. ಕುರ್ಚಿ ನರಳಿತು.

"ಬಾ ಇಲ್ಲಿ," ಎಂದಳು.

ಚಿಂದಿ ಎರಡು ಹೆಜ್ಜೆ ದೂರದಲ್ಲೇ ನಿಂತಳು. "ದೊಡ್ಡಮ್ಮ, ಆ ಎಡ ಬಲ... ನಿಜವಾಗ್ಲೂ ಇದೆಯಾ?"

ಅಮ್ಮನಿಗೆ ಅಲ್ಲಿಯವರೆಗೆ ತಡೆದಿದ್ದ ನಗು ಒಮ್ಮೆಲೇ ಬಂತು. ಇಸ್ತ್ರಿ ಮೇಜು ಹಿಡಿದುಕೊಂಡು ನಕ್ಕಳು. "ಎಲ್ಲಿಂದ ಬರುತ್ತೇ? ಅಕ್ಕ ಆಗಲೇ ಹುಟ್ಟಿಸಿದ್ದು. ಸೂಜಿ ತೆಗೀತಾ ತೆಗೀತಾ."

"ನೀನು ಎಷ್ಟು ದಿನ ತಗೊಂಡೆ ನಿನ್ನ ಪುಸ್ತಕಕ್ಕೆ?" ದೊಡ್ಡಮ್ಮ ಕೇಳಿದಳು.

"ಒಂದು ವಾರ."

"ನಮ್ಮ ಬಾಯೊಳಗಿಂದ ಕದಿಯೋಕೆ ಒಂದು ವಾರ ಬೇಕಾಯ್ತಾ ನಿಂಗೆ? ನಾನು ಸ್ವಂತದ್ದು ಎಂಟು ಸೂಜಿಯಲ್ಲಿ ಮಾಡ್ದೆ." ಆಮೇಲೆ ಅವಳ ದನಿ ತಗ್ಗಿತು, ಅದೇ ಹೆಚ್ಚು ಅಪಾಯದ್ದು. "ನಮಗೆ ಅದೊಂದೇ ಮಜಾ ಇತ್ತು ಕಣೇ. ದಿನಕ್ಕೆ ಎಂಟು ಗಂಟೆ ಬಗ್ಗಿ ನಿಂತು, ಕಂಡವರ ಸೊಂಟ ಹಿಡ್ಕೊಂಡು. ಅದನ್ನೂ ಟಿವಿಗೆ ಹಾಕ್ದೆ. ನಾಲಿಗೆಗೆ ಕಾಜಾ ಹೊಲೀತೀನಿ ಅಂದಿದ್ದೆ, ಈಗ ಹೊಲಿಯೋಕೆ ನಂಗೆ ಪುರುಸೊತ್ತಿಲ್ಲ. ಮುನ್ನೂರು ಫ್ರಾಕ್ ಇದೆ. ಅಳತೆ ಬರ್ಕೊಳ್ಳೋಕೆ ನೀನೇ ಬರಬೇಕು. ಅಲ್ಲೀವರೆಗೂ ದಿನಾ ಸಂಜೆ ಕೂತು ನಮಗೆ ಎಡ ಬಲ ಅಭ್ಯಾಸ ಮಾಡಿಸು. ಹೇಳಿದ ಮೇಲೆ ಉಳಿಸ್ಕೋಬೇಕಲ್ಲ."

ಅಭ್ಯಾಸ ಸುಲಭವಾಗಿರಲಿಲ್ಲ. ಮೂವತ್ತೊಂದು ವರ್ಷ ನಡುಬಾಯಲ್ಲಿ ಕೂತಿದ್ದ ಸೂಜಿ ಎಡಕ್ಕೆ ಹೋಗಲೊಲ್ಲದು. ದೊಡ್ಡಮ್ಮ ಎರಡು ಸಲ ತುಟಿ ಚುಚ್ಚಿಕೊಂಡಳು, ಹನ್ನೆರಡು ಸಲ ಚಿಂದಿಯನ್ನು ಬೈದಳು. ಇತ್ತ ಸ್ಟುಡಿಯೋದಲ್ಲಿ ನಿರ್ದೇಶಕನ ಮೇಜಿನ ಮೇಲೆ ಅಭಿಮಾನಿ ಸಂಘದ ಪತ್ರ ಬಿದ್ದಿತು. ರಾಣಿ ಆರನೇ ಕಂತಿನಲ್ಲಿ ಮೊಟ್ಟೆಯನ್ನು ಎಡಗೆನ್ನೆಯಲ್ಲಿಟ್ಟುಕೊಂಡು ಶಪಥ ಮಾಡಿದ್ದಾಳೆ. ಹಾಗಾದರೆ ಅವಳು ಸೇಡು ತೀರಿಸಿಕೊಳ್ಳುವುದು ಶತ್ರುವಿನ ಮೇಲೋ ಕಿಟಕಿಯ ಪರದೆಬಟ್ಟೆಯ ಮೇಲೋ ಎಂದು ಸಂಘ ವಿವರಣೆ ಕೇಳಿತ್ತು. "ಯಾವ ಎಡಗೆನ್ನೆ? ಮೊಟ್ಟೆ ಎಲ್ಲಿಡಬೇಕು ಅಂತ ನೀನು ಹೇಳೇ ಇರ್ಲಿಲ್ವಲ್ಲಮ್ಮ!" ಎಂದು ನಿರ್ದೇಶಕ ಕೂಗಾಡಿದ. ಮುಂದಿನ ಕಂತುಗಳ ಕೆನ್ನೆಗಳನ್ನೆಲ್ಲ ಮತ್ತೆ ಬರೆಸಿದ. ಚಿತ್ರ ಬರೆಯುವವರು ಚಿಂದಿಯ ಜೊತೆ ಕಾಫಿ ಕುಡಿಯುವುದನ್ನು ಬಿಟ್ಟರು. ಪಂಡಿತೆ ಎಂದು ಯಾರೂ ಕರೆಯಲಿಲ್ಲ. ಎಡಗೆನ್ನೆ ಎಂದು ಕರೆಯತೊಡಗಿದರು.

ಅಳತೆಯ ದಿನ ಬಂತು. ಶಾಲೆಯ ಹಾಲಿನಲ್ಲಿ ಸ್ಟೂಲು, ಮೇಜು, ರಿಜಿಸ್ಟರು. ಆರ್ಡರು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಮೂವರಿಗೂ ಒಂದು ವಿಷಯ ಹೊಳೆದಿರಲಿಲ್ಲ. ಬಾಗಿಲು ತೆರೆದಾಗ ಹೊಳೆಯಿತು. ಮುನ್ನೂರು ಹುಡುಗಿಯರು ಸಾಲಾಗಿ ಒಳಗೆ ಬಂದರು. ಮುನ್ನೂರು ಕಾಲರುಗಳಲ್ಲೂ ಮೊಟ್ಟೆ. ಮುನ್ನೂರು ಬಾಯಲ್ಲೂ ಪೆನ್ಸಿಲ್. ಇಡೀ ಹಾಲು ಕಲ್ಲು ಬಿದ್ದ ಜೇನುಗೂಡಿನ ಹಾಗೆ ಙೇಂಕರಿಸುತ್ತಿತ್ತು.

ದೊಡ್ಡಮ್ಮ ಅಮ್ಮನ ಮುಖ ನೋಡಿದಳು. ಅಮ್ಮ ಸೂಜಿಡಬ್ಬಿ ತೆರೆಯದೆ ಹಾಗೇ ಚೀಲದೊಳಗೆ ಹಾಕಿದಳು. ಆ ದಿನವೆಲ್ಲ ಅಕ್ಕತಂಗಿಯರು ಒಂದು ಸೂಜಿಮಾತೂ ಆಡುವ ಹಾಗಿರಲಿಲ್ಲ.

ಸಾಲಿನ ಮೊದಲನೆಯವಳು, ಎರಡು ಜಡೆಯ ಒಂಬತ್ತು ವರ್ಷದವಳು, ಸ್ಟೂಲ್ ಹತ್ತಿ ಕೈ ಅಗಲಿಸಿ ನಿಂತಳು. ದೊಡ್ಡಮ್ಮ ಬಗ್ಗಿ ಟೇಪು ಸುತ್ತಿದಳು. ಹುಡುಗಿ ಅವಳ ತಲೆಯ ಮೇಲಿಂದ ಹಿಂದೆ ನಿಂತ ಗೆಳತಿಯ ಕಡೆ ನೋಡಿ, ಪೆನ್ಸಿಲನ್ನು ನಾಲಿಗೆಯಿಂದ ಬಾಯಿಯ ಬಲತುದಿಗೆ ಅಚ್ಚುಕಟ್ಟಾಗಿ ತಳ್ಳಿ, ಸ್ವಚ್ಛವಾದ ಉಚ್ಚಾರದಲ್ಲಿ ಹೇಳಿದಳು:

"ಕಿಙ್ಣೆ ಙೆ ಗಿಙ್ಕ."

ಸಾಲಿನಲ್ಲಿ ಹತ್ತು ಮೂಗುಗಳು ನಕ್ಕವು.

ದೊಡ್ಡಮ್ಮನ ಕೈಯಲ್ಲಿ ಟೇಪು ನಿಂತಿತು. ಬಗ್ಗಿದ್ದವಳಿಗೆ ಹುಡುಗಿಯ ಬಾಯಿ ಕಂಡಿರಲಿಲ್ಲ. ತಲೆ ಎತ್ತದೆ, ರಿಜಿಸ್ಟರು ಹಿಡಿದು ಕೂತಿದ್ದ ಚಿಂದಿಯನ್ನು ಕೇಳಿದಳು.

"ಪೆನ್ಸಿಲ್ ಯಾವ ಕಡೆ ಇತ್ತೇ?"

ಚಿಂದಿ ಹುಡುಗಿಯನ್ನು ನೋಡಿದಳು. ಹುಡುಗಿ ಚಿಂದಿಯನ್ನು ನೋಡಿದಳು.

"ಎಡಗಡೆ ದೊಡ್ಡಮ್ಮ," ಎಂದಳು ಚಿಂದಿ. "ಬಟ್ಟೆಗೆ ಹೇಳಿದ್ದು."

"ಹೂಂ. ಎದೆ ಇಪ್ಪತ್ತಾರು, ಬರ್ಕೋ," ಎಂದು ದೊಡ್ಡಮ್ಮ ನೆಟ್ಟಗಾಗಿ, ಹೊಟ್ಟೆಯನ್ನು ಒಳಗೆಳೆದುಕೊಂಡು ಮುಂದಿನವಳನ್ನು ಕರೆದಳು.